ಸೊಂಟದ ಮಣಿಯೂ ಹೊಟ್ಟೆಯ ಬಾಡಿಗೆಯವನೂ

"ಅಮ್ಮಾ, ಬಿ ತಾತು ಗಂಡಸಾ?"

ಕೇಳಿದವಳು ನನ್ನ ಮಗಳು ರಾಯಾ, ವಯಸ್ಸು ನಾಲ್ಕೂವರೆ. ಕೇಳಿದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ, ಹಿತ್ತಿಲಂಗಳದಲ್ಲಿ ನಾಲ್ಕು ಮನೆಯ ಹೆಂಗಸರು ಇದ್ದಿಲೊಲೆ ಹಚ್ಚಿಕೊಂಡು ಬೆಳಗಿನ ಚಾಕ್ಕೆ ಮಂದಾಜಿ ಎಂಬ ಸಿಹಿ ಬನ್ನು ಕರಿಯುತ್ತ ಕೂತಿದ್ದಾಗ. ಟಾಂಗಾ ಊರಿನ ನಮ್ಮ ಹದಿಮೂರನೇ ಬೀದಿಯಲ್ಲಿ ಗುಟ್ಟಿನ ಮಾತಾಡುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಜಾಗವಿಲ್ಲ.

"ಯಾಕೆ ಹಾಗಂತೀಯ?"

"ನಿಂತ್ಕೊಂಡು ಉಚ್ಚೆ ಹೊಯ್ತಾರೆ. ತಗಡಿನ ತೂತಲ್ಲಿ ನೋಡ್ದೆ. ಅಪ್ಪನ ಥರಾನೇ."

ಯಾರೂ ನಗಲಿಲ್ಲ. ನಗದೆ ಇರುವುದರಲ್ಲಿ ನಮ್ಮ ಅಂಗಳದವರು ಚೆನ್ನಾಗಿ ಪಳಗಿದ್ದಾರೆ. ಎಲ್ಲರೂ ಒಟ್ಟಿಗೆ ತಂತಮ್ಮ ಬಾಣಲೆಯೊಳಗೆ ಬಗ್ಗಿ, ಅಲ್ಲೇನೋ ಕಳೆದುಹೋಗಿದೆ ಎಂಬಂತೆ ಹುಡುಕತೊಡಗಿದರು. ಅಷ್ಟರಲ್ಲಿ ಪಾಯಿಖಾನೆಯ ತಗಡಿನ ಬಾಗಿಲು ಕಿರುಗುಟ್ಟಿತು. ನೀರಿನ ಚೊಂಬು ಹಿಡಿದು ಪಕ್ಕದ ಮನೆಯಾಕೆ ಬಿ ತಾತು ಹೊರಗೆ ಬಂದರು.

"ಗಂಡಸಾಗಿದ್ರೆ ಇಷ್ಟೊತ್ತಿಗೆ ಯಾರಾದ್ರೂ ನನಗೆ ಚಾ ತಂದ್ಕೊಡ್ತಿದ್ರು ಕಣೇ ರಾಯಾ," ಅಂದು ತಮ್ಮ ಬಾಗಿಲಿಗೆ ಹೋದರು.

ಮಗಳನ್ನು ಒಳಗೆ ಎಳೆದುಕೊಂಡು ಹೋಗಿ ನಿಜ ಹೇಳಿದೆ. ಬಿ ತಾತು ಅವರ ಹೊಟ್ಟೆಯೊಳಗೆ ಉಚ್ಚೆ ತುಂಬಿಕೊಳ್ಳುವ ಚೀಲ ಕೆಟ್ಟುಹೋಗಿತ್ತು. ಡಾಕ್ಟರು ಅದನ್ನು ತೆಗೆದು, ಹೊಟ್ಟೆಯ ಮೇಲೆ ಹೊಸ ದಾರಿ ಮಾಡಿ, ಹೊರಗೊಂದು ಚೀಲ ಅಂಟಿಸಿದ್ದಾರೆ. ಅದರ ಕೆಳಗೆ ಪುಟ್ಟ ನಲ್ಲಿ ಇದೆ. ತಿರುಗಿಸಿದರೆ ಖಾಲಿ.

ರಾಯಾ ತುಂಬ ಹೊತ್ತು ಯೋಚಿಸಿದಳು.

"ನಂಗೂ ನಲ್ಲಿ ಬೇಕು," ಅಂದಳು.

ಆ ಬೀದಿಯಲ್ಲಿ ಬಿ ತಾತು ಅವರ ನಲ್ಲಿಯನ್ನು ಕಂಡು ಆಸೆಪಟ್ಟವಳು ಅವಳೊಬ್ಬಳೇ. ಉಳಿದವರಿಗೆ ಅವರ ಮೇಲೆ ಬಹಳ ಕರುಣೆಯಿತ್ತು. ಕರುಣೆ ಎಷ್ಟಿತ್ತೆಂದರೆ, ಮೂರು ಮದುವೆಗಳಿಗೆ ಅವರನ್ನು ಕರೆಯದೆ ಬಿಟ್ಟಿದ್ದರು.

ಮದುವೆಗೆ ಬಿ ತಾತು ಅವರನ್ನು ಕರೆಯದಿರುವುದೆಂದರೆ ಅಡುಗೆಗೆ ಬೆಂಕಿಯನ್ನು ಕರೆಯದಿದ್ದ ಹಾಗೆ. ಅವರು ಸೋಮೊ. ಟಾಂಗಾದಲ್ಲಿ ಹೆಣ್ಣುಮಗಳಿಗೆ ಗಂಡನ ಹಾಸಿಗೆಯ ವಿಷಯವನ್ನು ತಾಯಿ ಹೇಳುವುದಿಲ್ಲ, ತಾಯಿಗೆ ನಾಚಿಕೆ. ಅತ್ತೆ ಹೇಳುವುದಿಲ್ಲ, ಅತ್ತೆಗೆ ಹೊಟ್ಟೆಕಿಚ್ಚು. ಸೋಮೊ ಹೇಳುತ್ತಾಳೆ. ಮದುವೆಗೆ ಮುಂಚೆ ಏಳು ದಿನ ಹುಡುಗಿಯನ್ನು ಕೋಣೆಯೊಳಗೆ ಕೂರಿಸಿಕೊಂಡು, ಮೈಯೆಂದರೇನು, ಅದನ್ನು ಎಲ್ಲಿ ಕೊಡಬೇಕು, ಎಲ್ಲಿ ತಡೆಯಬೇಕು, ತನಗೆ ಬೇಕಾದ್ದನ್ನು ಹೇಗೆ ಪಡೆಯಬೇಕು ಎಲ್ಲ ಕಲಿಸುತ್ತಾಳೆ. ಆರು ವರ್ಷದ ಹಿಂದೆ ನಾನೂ ಹಾಗೆ ಕೂತಿದ್ದೆ. ಮೊದಲ ದಿನ, ಮೈಗೆ ಸುತ್ತುವ ಲೇಸೊ ಬಟ್ಟೆಯನ್ನು ತಲೆತುಂಬ ಹೊದ್ದು ಮುದುರಿಕೊಂಡಿದ್ದ ನನ್ನನ್ನು ನೋಡಿ, "ನಾಚಿಕೆನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ. ಕದಿಯೋರು ಯಾರೂ ಇಲ್ಲ, ಹೋಗುವಾಗ ಹಾಕ್ಕೊಂಡು ಹೋಗು," ಅಂದಿದ್ದರು. ಏಳನೆಯ ದಿನ ತಮ್ಮ ಕೈಯಾರೆ ಪೋಣಿಸಿದ ಮಣಿಸರ ನನ್ನ ಸೊಂಟಕ್ಕೆ ಕಟ್ಟಿದರು. ಬಟ್ಟೆಯೊಳಗೆ ಏಳು ಎಳೆ. ಆ ಮಣಿಗಳ ಸುದ್ದಿ ಗಂಡನಿಗೂ ಸೋಮೊಗೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು.

ಇನ್ನೊಂದು ಕಟ್ಟಳೆಯೂ ಇದೆ. ಹಾಸಿಗೆಯಲ್ಲಿ ಏನಾದರೂ ನೋವಾದರೆ, ಬೇಡವಾದರೆ, ಬೇಕಾದರೆ, ಹೆಂಡತಿ ಗಂಡನಿಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಸೋಮೊ ಹೋಗಿ ಹೇಳಬೇಕು. ಮೊದಲ ರಾತ್ರಿ ಬಾಗಿಲ ಹೊರಗೆ ಕೂರುವವಳೂ ಅವಳೇ. ನಮ್ಮಲ್ಲಿ ಎಲ್ಲವನ್ನೂ ಹೇಳಬಹುದು, ಇನ್ನೊಬ್ಬರ ಬಾಯಿಂದ ಮಾತ್ರ.

ಅಂಥ ಬಿ ತಾತು ಎರಡು ವರ್ಷ ಉಚ್ಚೆಯಲ್ಲಿ ರಕ್ತ ನೋಡಿಕೊಂಡು ಸುಮ್ಮನಿದ್ದರು. ಚಿಕ್ಕಂದಿನಲ್ಲಿ ಗದ್ದೆಯ ನೀರಿನಲ್ಲಿ ನಿಂತು ಭತ್ತ ನಾಟಿ ಮಾಡಿದವರು. ಆ ನೀರಿನ ಹುಳು ಮೈಸೇರಿ, ವರ್ಷಗಟ್ಟಲೆ ಕೂತು, ಕೊನೆಗೆ ಗಡ್ಡೆಯಾಗಿತ್ತು. ಆಮೇಲೆ ಆಸ್ಪತ್ರೆಗೆ ಹೋದರೆ ಮೂರು ಸಲ ಮೂರು ಕಡೆ ಉರಿಮೂತ್ರದ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕನೆಯ ಸಲ ದಾರ್ ಎಸ್ ಸಲಾಮಿಗೆ ಕಳಿಸಿದರು. ಅಲ್ಲಿ ಮೂತ್ರಕೋಶ, ಗರ್ಭಕೋಶ, ಅಂಡಾಶಯ, ಹೆಣ್ಣಿನ ದಾರಿಯ ಮುಂಗೋಡೆಯ ಒಂದು ಪಟ್ಟಿ, ಎಲ್ಲ ಹೋಯಿತು. ಕರುಳಿನ ಒಂದು ತುಂಡನ್ನು ಕೊಳವೆ ಮಾಡಿ, ಹೊಟ್ಟೆಯ ಬಲಗಡೆ ಕೆಂಪು ಮೂತಿ ಹೊರಗಿಟ್ಟರು. ಬಿ ತಾತು ಅದಕ್ಕೆ 'ಬಾಡಿಗೆಯವನು' ಎಂದು ಹೆಸರಿಟ್ಟಿದ್ದಾರೆ. ಬಾಡಿಗೆ ಕೊಡುವುದಿಲ್ಲ, ಬಿಡಿಸಲು ಆಗುವುದಿಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ಸದ್ದು ಮಾಡುತ್ತಾನೆ.

ಚೀಲದ ವಿಷಯ ಬಿಟ್ಟರೆ ಆಪರೇಷನ್ನಿನ ಈ ವಿವರವೆಲ್ಲ ನನಗೆ ಗೊತ್ತಾದದ್ದು ಆ ದಿನವೇ, ಮಧ್ಯಾಹ್ನದ ಊಟವಾದ ಮೇಲೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಲೇಸೊಗಳ ಅಂಚು ಮಡಿಸುತ್ತಿದ್ದೆ. ಬಿ ತಾತು ಬಂದವರೇ ಬಾಗಿಲು ಹಾಕಿದರು.

"ನಿನ್ನ ಮಗಳಿಗೆ ಹೊಡೆದ್ಯಾ?"

"ಇಲ್ಲ ಸೋಮೊ. ಬೈದೆ."

"ಬೈಯೋದೂ ಬೇಡಿತ್ತು. ಆಪರೇಷನ್ ಆಗಿ ಐದು ತಿಂಗಳಾಯ್ತು. ಈ ಬೀದೀಲಿ ನನ್ನ ಮೈ ಬಗ್ಗೆ ಬಾಯ್ಬಿಟ್ಟು ಕೇಳಿದ್ದು ಅವಳೊಬ್ಳೇ. ಉಳಿದೋರೆಲ್ಲ 'ಹೇಗಿದ್ದೀರ' ಅಂತಾರೆ, ನಾನು 'ಅಲ್ಲಾನ ದಯೆ' ಅಂತೀನಿ, ಅವರು ಮೂಗು ಅರಳಿಸಿ ವಾಸನೆ ಬರುತ್ತಾ ಅಂತ ನೋಡ್ತಾರೆ."

"ವಾಸನೆ ಏನೂ ಇಲ್ಲ."

"ಅದೇ ಅವರಿಗೆ ಬೇಜಾರು."

ಚೀಲ ಮುಚ್ಚುವ ಹಾಗೆ ಒಂದು ಪುಟ್ಟ ಬಟ್ಟೆಯ ಹೊದಿಕೆ ಬೇಕಿತ್ತು, ಅದಕ್ಕೆ ಬಂದೆ ಅಂದರು. ಅಳತೆ ತೆಗೆದುಕೊಳ್ಳಲು ಲೇಸೊ ಸರಿಸಿದೆ. ಸೊಂಟ ಬರಿದಾಗಿತ್ತು.

"ಮಣಿ?"

ಬಿ ತಾತು ಉತ್ತರ ಕೊಡುವ ಮುಂಚೆ ನನ್ನ ಕತ್ತರಿಯನ್ನು ಎತ್ತಿ ಇಟ್ಟರು, ಮತ್ತೆ ಎತ್ತಿದರು.

ಆಪರೇಷನ್ನಿನ ಹಿಂದಿನ ದಿನ ಒಬ್ಬ ನರ್ಸ್ ನೀಲಿ ಪೆನ್ನು ಹಿಡಿದು ಬಂದಿದ್ದಳಂತೆ. ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ನೋಡಿ, "ಸೊಂಟಕ್ಕೆ ಏನಾದ್ರೂ ಕಟ್ತೀರಾ ಅಮ್ಮಾ? ಬೆಲ್ಟು, ಲಾಡಿ, ಏನಾದ್ರೂ?" ಎಂದು ಕೇಳಿದಳು. ಮಣಿಗಳನ್ನು ಬಿ ತಾತು ಮನೆಯಲ್ಲೇ ಬಿಚ್ಚಿ ಲೇಸೊದ ತುದಿಯಲ್ಲಿ ಗಂಟು ಹಾಕಿಟ್ಟು ಬಂದಿದ್ದರು. ಗಂಡನಲ್ಲದ, ಸೋಮೊ ಅಲ್ಲದ ಅಪರಿಚಿತಳ ಮುಂದೆ ಮಣಿಯ ಮಾತೆ? "ಏನೂ ಕಟ್ಟಲ್ಲ," ಅಂದರು. ನರ್ಸ್ ಸರಿಯಾಗಿ ಮಣಿ ಕೂರುವ ಗೆರೆಯ ಮೇಲೆಯೇ ಚುಕ್ಕೆಯಿಟ್ಟಳು. ಮೂವತ್ತು ವರ್ಷದಿಂದ ಏಳು ಎಳೆ ಕೂತಿದ್ದ ಜಾಗದಲ್ಲಿ ಮಾರನೆಯ ದಿನ ಬಾಡಿಗೆಯವನು ಬಂದು ಕೂತ. ಇಡೀ ಟಾಂಗಾದ ಹುಡುಗಿಯರಿಗೆ ನಾಚಿಕೆಯನ್ನು ಹೊರಗೆ ಬಿಡಲು ಕಲಿಸಿದವರು, ತಮ್ಮದನ್ನು ಆಸ್ಪತ್ರೆಯ ಮಂಚದವರೆಗೂ ಹಾಕಿಕೊಂಡು ಹೋಗಿದ್ದರು.

"ಆಸ್ಪತ್ರೆಯೋರು ಆಮೇಲೆ ಏನೂ ಹೇಳ್ಲಿಲ್ವಾ? ಹಾಸಿಗೆ ವಿಷಯದ ಬಗ್ಗೆ?"

"ಹೇಳಿದ್ರಲ್ಲ! ಪಕ್ಕದ ಮಂಚದ ಮುದುಕನಿಗೆ." ಬಿ ತಾತು ಅವರ ಕಣ್ಣು ಹೊಳೆಯಿತು. "ಎಪ್ಪತ್ತೆರಡು ವರ್ಷ. ಅವನಿಗೂ ಇದೇ ಆಪರೇಷನ್ನು. ಆಪರೇಷನ್ ಆದೋರೆಲ್ಲ ಒಂದೇ ಕೋಣೇಲಿ, ನಡುವೆ ಒಂದು ಪರದೆ. ಡಾಕ್ಟ್ರು ಕುರ್ಚಿ ಎಳ್ಕೊಂಡು ಅರ್ಧ ಗಂಟೆ ಕೂತ್ರು. ಮಾತ್ರೆ ಇದೆ, ಅದಾಗ್ಲಿಲ್ಲ ಅಂದ್ರೆ ಸೂಜಿ ಇದೆ, ಅದೂ ಆಗ್ಲಿಲ್ಲ ಅಂದ್ರೆ ಪಂಪು ಇದೆ. 'ಧೈರ್ಯವಾಗಿರಿ ಹಿರಿಯರೇ, ಜೀವನ ಇಲ್ಲಿಗೆ ಮುಗೀಲಿಲ್ಲ.' ಪಾಪ, ಅವನ ಹೆಂಡ್ತಿ ಸತ್ತು ಒಂಬತ್ತು ವರ್ಷ ಆಗಿತ್ತು. ಪಂಪು ತಗೊಂಡು ಸೈಕಲ್ಲಿಗೆ ಗಾಳಿ ಹಾಕ್ಬೇಕಿತ್ತೇನೋ. ಆಮೇಲೆ ಪರದೆ ಸರಿಸಿ ನನ್ನ ಹತ್ರ ಬಂದ್ರು. ನಾನು ನಲವತ್ತಾರು. ಎದ್ದು ಸರಿಯಾಗಿ ಕೂತೆ."

"ಏನಂದ್ರು?"

"'ಅಮ್ಮಾ, ಮಲ ಸರಿಯಾಗಿ ಹೋಗ್ತಿದೆಯಾ?'"

ಇಬ್ಬರೂ ನಕ್ಕೆವು. ಅವರು ನನಗಿಂತ ಬೇಗ ನಿಲ್ಲಿಸಿದರು.

ಒಂದು ಕಾಗದವನ್ನೂ ಕೊಟ್ಟಿದ್ದರಂತೆ. ಮೂರು ತಿಂಗಳು ಏನೇನು ಎತ್ತಬಾರದು ಎಂದು ಅದರಲ್ಲಿ ಚಿತ್ರ ಸಮೇತ ಇತ್ತು: ಬಕೆಟ್ಟು, ಮಗು, ಜೋಳದ ಮೂಟೆ. ಗಂಡನ ಚಿತ್ರ ಎತ್ತಬಾರದ ಪಟ್ಟಿಯಲ್ಲೂ ಇರಲಿಲ್ಲ, ಎತ್ತಬಹುದಾದ ಪಟ್ಟಿಯಲ್ಲೂ ಇರಲಿಲ್ಲ.

ಗಂಡನ ಹೆಸರು ಕೋಂಬೊ. ಕಡಲ ದಂಡೆಯಲ್ಲಿ ದೋಣಿ ಕಟ್ಟುವ ಬಡಗಿ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮನುಷ್ಯ. ಡಾಕ್ಟರು ಬಾಗಿಲಲ್ಲಿ ಅವರ ಹೆಗಲು ತಟ್ಟಿ, "ಅಮ್ಮನ್ನ ಜೋಪಾನವಾಗಿ ನೋಡ್ಕೊಳ್ಳಿ," ಅಂದಿದ್ದರು. ಎಷ್ಟು ದಿನ ಎಂದು ಹೇಳಲಿಲ್ಲ, ಕೋಂಬೊ ಕೇಳಲಿಲ್ಲ. ಅಂದಿನಿಂದ ಜೋಪಾನ ಮಾಡುತ್ತಲೇ ಇದ್ದಾರೆ. ನೀರು ತರುತ್ತಾರೆ, ತೆಂಗಿನಕಾಯಿ ತುರಿಯುತ್ತಾರೆ, ಚೀಲದ ಪಾರ್ಸೆಲ್ ತರಲು ಬಸ್ ನಿಲ್ದಾಣಕ್ಕೆ ಹೋಗುತ್ತಾರೆ. ಜೂನ್‌ನಲ್ಲಿ ಒಮ್ಮೆ ಇಬ್ಬರೂ ಧೈರ್ಯ ಮಾಡಿದರು. ಬಿ ತಾತು ಅವರಿಗೆ ಮರಳು ಕಾಗದದಲ್ಲಿ ಉಜ್ಜಿದ ಹಾಗಾಯಿತು. ಚೀಲ ಸರಿದು ಚರಪರ ಎಂದಿತು. ಬಾಯಿಂದ ತಾನಾಗಿ ಒಂದು ಕೂಗು ಬಂತು. ಕೋಂಬೊ ಕಡಲಮುಳ್ಳು ತುಳಿದವರಂತೆ ಜಿಗಿದು ನಿಂತರು. ಮರುದಿನ ಅವರ ಚಾಪೆ ಜಗುಲಿಗೆ ಬಂತು.

"ಒಳಗೆ ಸೆಖೆಯಂತೆ," ಅಂದರು ಬಿ ತಾತು.

ದಕ್ಷಿಣದ ಗಾಳಿ ಬೀಸಿ ಕೋಳಿಗಳೂ ನಡುಗುತ್ತಿದ್ದವು ಆಗ.

"ಅಸಹ್ಯ ಆಗಿದೆ ಅವನಿಗೆ. ನಾನೇ ಆಗಿದ್ರೂ ಹಂಗೇ. ಮೊದ್ಲು ಮಣಿ ಸದ್ದು ಕೇಳ್ತಿದ್ದವನು ಈಗ ಪ್ಲಾಸ್ಟಿಕ್ ಸದ್ದು ಕೇಳ್ಬೇಕು. ಆದ್ರೂ ಆಶುರಾ..." ಕತ್ತರಿಯನ್ನು ಕೊನೆಗೂ ಕೆಳಗಿಟ್ಟರು. "ಜಗುಲಿಯಿಂದ ಅವನನ್ನ ಒಳಗೆ ತರ್ಬೇಕು. ಮದುವೆಗೆ ಕರೀದಿದ್ರೆ ಕತ್ತೆಬಾಲ, ಹೋಗ್ಲಿ. ಅದೊಂದು ಆಗ್ಬೇಕು."

ಕಾಗದ ಎಲ್ಲಿ ಅಂತ ಕೇಳಿದೆ. ಅದರ ಹಿಂದುಗಡೆ, ಪೆನ್ನು ಹಿಡಿದು ಬಂದಿದ್ದ ನರ್ಸಿನ ಫೋನ್ ನಂಬರು ಇತ್ತು. ಚೀಲ ಸೋರಿದರೆ ಮಾಡಿ ಎಂದು ಕೊಟ್ಟದ್ದು. ಸೋರುತ್ತಿದ್ದದ್ದು ಚೀಲವಲ್ಲ, ಆದರೂ ಮಾಡಿ ಸ್ಪೀಕರ್ ಹಾಕಿದೆ. ನರ್ಸ್ ಜೈತೂನಿ ಎತ್ತಿಕೊಂಡಳು. ಬಿ ತಾತು ಮುಖ ಗೋಡೆಗೆ ತಿರುಗಿಸಿ ಕೂತರು. ನಾನು ಸೋಮೊಗಳ ಹಾಗೆ ಇನ್ನೊಬ್ಬರ ಬಾಯಿಯಾಗಿ ಕೇಳಿದೆ.

"ಹೆಂಗಸರು ಯಾರೂ ಕೇಳೋದೇ ಇಲ್ಲ ಅಕ್ಕಾ," ಅಂದಳು ಜೈತೂನಿ. "ಗಂಡಸರು ಕೇಳ್ತಾರೆ, ಅದಕ್ಕೆ ಹೇಳ್ತೀವಿ."

ಗೋಡೆಯ ಕಡೆಯಿಂದ ದನಿ ಬಂತು. "ನಾನು ಮಲದ ಬಗ್ಗೆನೂ ಕೇಳಿರ್ಲಿಲ್ಲ."

"ಅಯ್ಯೋ, ಅಮ್ಮಾ, ನೀವೂ ಇದ್ದೀರಾ!"

ಆಮೇಲೆ ಜೈತೂನಿ ನಿಧಾನವಾಗಿ ಹೇಳಿದಳು. ಹೆಣ್ಣಿನ ದಾರಿಯ ಮುಂಗೋಡೆಯ ಪಟ್ಟಿ ತೆಗೆದು ಹೊಲಿದಿರುವುದರಿಂದ ಅದು ಮೊದಲಿಗಿಂತ ಗಿಡ್ಡ, ಇಕ್ಕಟ್ಟು. ಅಂಡಾಶಯ ಇಲ್ಲದ್ದರಿಂದ ಒಣಕಲು. ನೋವಾದದ್ದು ಅದಕ್ಕೆ; ತಪ್ಪು ಯಾರದೂ ಅಲ್ಲ. ಕಳೆದ ತಿಂಗಳ ತಪಾಸಣೆಯಲ್ಲಿ ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರು ನೋಡಿದ್ದಾರೆ, ಆದ್ದರಿಂದ ಭಯವಿಲ್ಲ. ದಾರಿ ಸಡಿಲಿಸಲು ನುಣುಪಾದ ಕಡ್ಡಿಗಳಿವೆ, ಸಣ್ಣದರಿಂದ ದೊಡ್ಡದರವರೆಗೆ. ಔಷಧಿ ಅಂಗಡಿಯ ನೀರಿನ ಜೆಲ್ ಸವರಿ ದಿನಕ್ಕಿಷ್ಟು ಹೊತ್ತು ಅಭ್ಯಾಸ ಮಾಡಬೇಕು, ಅವಸರ ಮಾಡಬಾರದು, ರಕ್ತ ಕಂಡರೆ ನಿಲ್ಲಿಸಿ ಫೋನ್ ಮಾಡಬೇಕು. ಗಂಡನ ಜೊತೆ ಸೇರುವ ಮುಂಚೆ ಚೀಲ ಖಾಲಿ ಮಾಡಿ ಮಡಚಿ ಕಟ್ಟಬೇಕು. ಎಡಮಗ್ಗುಲಾಗಿ ಮಲಗಿದರೆ ಅದರ ಮೇಲೆ ಭಾರ ಬೀಳದು. ಆ ಕೆಂಪು ಮೂತಿಯೊಳಗೆ ಮಾತ್ರ ಏನನ್ನೂ ಹಾಕಬಾರದು, ಬೆರಳನ್ನೂ.

"ಕೊಬ್ಬರಿ ಎಣ್ಣೆ?" ಅಂದರು ಬಿ ತಾತು, ಇನ್ನೂ ಗೋಡೆಗೆ.

"ಬೇಡಮ್ಮ. ಮೈಗೆ ಹರಡಿ ಚೀಲದ ಅಂಟು ಬಿಟ್ಟುಹೋಗತ್ತೆ."

"ಮಗ್ಗುಲಾಗಿ ಮಲಗೋದನ್ನ ಇಪ್ಪತ್ತು ವರ್ಷದಿಂದ ಕಲಿಸ್ತಿದೀನಿ. ಅದಕ್ಕೆ ನೀವು ದಾರ್‌ನಲ್ಲಿ ಓದ್ಬೇಕಾಯ್ತಾ?"

ಆ ಕಡೆ ನಗು ಕೇಳಿಸಿತು. ಬಿ ತಾತು ಈಗ ತಿರುಗಿ ಫೋನಿನ ಹತ್ತಿರ ಬಂದಿದ್ದರು. ಹಾಗೆ ಬಂದವರು ತಮ್ಮ ಬಾಯಿಂದಲೇ ಕೇಳಿದರು.

"ಮಣಿ ಕಟ್ಬಹುದಾ, ಮಗಳೇ?"

"ಮಣಿ..." ಜೈತೂನಿ ದನಿ ಇಳಿಯಿತು. "ಅಮ್ಮಾ, ಅವತ್ತು ನೀವು ಏನೂ ಕಟ್ಟಲ್ಲ ಅಂದ್ರಿ."

"ಅಂದೆ."

"ನಾನೂ ಕಡಲ ದಂಡೆಯವಳೇ, ಬಾಗಮೋಯೊ ಊರಿನವಳು. ನಾನೂ ಕಟ್ತೀನಿ. ನಿಮ್ಮ ಹೆಸರು ನೋಡಿದಾಗ್ಲೇ ಗೊತ್ತಾಗ್ಬೇಕಿತ್ತು. ಬಾಯಿಗೆ ಬಂತು, ನಾಚಿಕೆ ಆಯ್ತು, ಬೆಲ್ಟು ಅಂತ ಕೇಳ್ದೆ."

ಬೆಲ್ಟು ಕಟ್ಟಿದ ಹೆಂಗಸನ್ನು ನಾನು ಈ ಬೀದಿಯಲ್ಲಿ ಇದುವರೆಗೆ ನೋಡಿಲ್ಲ. ಒಬ್ಬಳ ನಾಚಿಕೆ ಕೇಳಲಿಲ್ಲ, ಇನ್ನೊಬ್ಬಳ ನಾಚಿಕೆ ಹೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು.

"ನಿನ್ನ ಸೋಮೊ ಯಾರೇ?" ಎಂದು ಬಿ ತಾತು ಗದರಿಸಿದರು. "ಸರಿಯಾಗಿ ಕಲಿಸಿಲ್ಲ ನಿನಗೆ." ಆಮೇಲೆ, "ನನಗೂ ಯಾರೂ ಸರಿಯಾಗಿ ಕಲಿಸಿಲ್ಲ ಬಿಡು," ಅಂದರು.

ಕಡ್ಡಿಗಳು ಮುಂದಿನ ವಾರದ ಬಸ್ಸಿನಲ್ಲಿ ಬಂದವು. ಪಾರ್ಸೆಲ್ ತಂದವರು ಎಂದಿನಂತೆ ಕೋಂಬೊ. ಏನೆಂದು ಕೇಳಲಿಲ್ಲ, ಜೋಪಾನವಾಗಿ ತಂದು ಕೊಟ್ಟರು. ಬಿ ತಾತು ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು, ಮಧ್ಯಾಹ್ನ ಬೀದಿಗೆ ಬೀದಿಯೇ ನಿದ್ದೆಹೋದ ಹೊತ್ತಿನಲ್ಲಿ, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಬೇರೆಯವರಿಗೆ ಕಲಿಸುವಾಗ ಏಳೇ ದಿನದಲ್ಲಿ ಮುಗಿಸುತ್ತಿದ್ದವರು, ತಮ್ಮ ಪಾಠಕ್ಕೆ ಇಷ್ಟು ದಿನ ಹಿಡಿಯಿತೆಂದು ಬೈದುಕೊಳ್ಳುತ್ತಿದ್ದರು. ಮೊದಲ ಎರಡು ವಾರ ಮುಖ ಊದಿಸಿಕೊಂಡು ಬರುತ್ತಿದ್ದರು. ಅತ್ತಿರುವುದು ಗೊತ್ತಾಗುತ್ತಿತ್ತು, ನಾನು ಚಾ ಕೊಡುತ್ತಿದ್ದೆ. ಒಂದು ದಿನ ಬಂದು, "ಇವತ್ತು ಸುಮ್ನೆ ಕಡ್ಡಿಯಲ್ಲ ಕಣೆ. ಇವತ್ತು ನನ್ನ ಮೈಗೆ ನನ್ನ ಗುರುತು ಹತ್ತಿತು," ಅಂದರು. ಹೆಚ್ಚಿಗೆ ವಿವರಿಸಲಿಲ್ಲ. ನನಗೂ ಬೇಕಿರಲಿಲ್ಲ, ಅವರ ಶಿಷ್ಯೆ ನಾನು.

ಹೊದಿಕೆ ಹೊಲಿಯಲು ಮೂರು ಸಲ ಬಿಚ್ಚಬೇಕಾಯಿತು. ಬಟ್ಟೆಗೆ ಅವರದೇ ಹಳೆಯ ಲೇಸೊ, ಕೆಂಪು ಗೇರುಹಣ್ಣಿನ ಚಿತ್ರದ್ದು. ಲೇಸೊ ಎಂದ ಮೇಲೆ ಅಂಚಿನಲ್ಲಿ ಏನಾದರೂ ಬರಹ ಇದ್ದೇ ಇರುತ್ತದೆ. ನಾನು ಅದು ಬರುವ ಹಾಗೆ ಕತ್ತರಿಸಹೊರಟರೆ ಕೈ ಹಿಡಿದರು.

"ಬರಹ ಬೇಡ. ಅವನು ಆ ಹೊತ್ತಲ್ಲಿ ಓದ್ತಾ ಕೂತ್ರೆ?"

ಎರಡೂ ಪಕ್ಕಕ್ಕೆ ಸಣ್ಣ ಸಣ್ಣ ಕುಣಿಕೆ ಹೊಲಿದೆ. ಮಣಿಯ ಎಳೆಗಳು ಈಗ ಸೊಂಟದ ಸುತ್ತ ಪೂರ್ತಿ ಹೋಗುವುದಿಲ್ಲ. ಒಂದು ಕುಣಿಕೆಯಿಂದ ಹೊರಟು, ಎಡಸೊಂಟ ಬಳಸಿ, ಬೆನ್ನ ಹಿಂದೆ ಹಾದು, ಇನ್ನೊಂದು ಕುಣಿಕೆಗೆ ಬಂದು ನಿಲ್ಲುತ್ತವೆ. ಮುಂದೆ, ಬಾಡಿಗೆಯವನ ಜಾಗದಲ್ಲಿ, ಗೇರುಹಣ್ಣು. ಭಾರಕ್ಕೆ ಅಂಟು ಬಿಡಬಾರದೆಂದು ಏಳು ಎಳೆಯನ್ನು ಮೂರಕ್ಕೆ ಇಳಿಸಿದೆವು. ಉಳಿದ ನಾಲ್ಕರ ಮಣಿಗಳು ತಟ್ಟೆಯಲ್ಲಿದ್ದವು. ರಾಯಾ ಒಂದು ಹಸಿರನ್ನು ಮೂಗಿಗೆ ತುರುಕಿಕೊಂಡು, ಅದನ್ನು ತೆಗೆಸುವಷ್ಟರಲ್ಲಿ ನನ್ನ ಅರ್ಧ ದಿನ ಹೋಯಿತು.

ನಿನ್ನೆ ಹೊದಿಕೆ ಮುಗಿಯಿತು. ಬಿ ತಾತು ಕಟ್ಟಿಕೊಂಡು ನನ್ನ ಕೋಣೆಯಲ್ಲಿ ಆಚೆಯಿಂದ ಈಚೆಗೆ ನಡೆದರು. ಮೂರೇ ಎಳೆ, ಆದರೂ ಸದ್ದು ಬಂತು. ಅವರು ಮತ್ತೊಮ್ಮೆ ನಡೆದರು, ಕಿವಿಗೊಟ್ಟು. ಪ್ಲಾಸ್ಟಿಕ್ ಸದ್ದು ಇರಲಿಲ್ಲ.

ನಾನು ಸಂತೋಷದಿಂದ ಚಾ ಇಡಲು ಎದ್ದೆ. ಅವರು ಕೂತೇ ಬಿಟ್ಟರು.

"ಎಲ್ಲ ಆಯ್ತು. ಅವನಿಗೆ ಹೇಳೋರ್ಯಾರು?"

"ಕೋಂಬೊಗಾ? ನೀವೇ..." ಅಂದು ನಿಲ್ಲಿಸಿದೆ. ಕಲಿಸಿದವರೇ ಅವರು. ಹೆಂಡತಿ ಹೇಳುವ ಹಾಗಿಲ್ಲ.

"ನಾನು ಕರೆದ್ರೆ 'ಬೇಡ ತಾತು, ನೋವಾಗತ್ತೆ' ಅಂತಾನೆ. ನಿನ್ನೆ ಜಗುಲೀಲಿ ಒಬ್ನೇ ಕೂತು, ನನ್ನ ಹಳೇ ಲೇಸೊನ ಮಡಚಿ ತಲೆ ಕೆಳಗೆ ಇಟ್ಕೊತಿದ್ದ. ನಾನು ಕಿಟಕೀಲಿ ನೋಡ್ದೆ. ಅಸಹ್ಯ ಪಟ್ಟೋನು ಹಂಗೆ ಮಾಡಲ್ಲ ಅಲ್ವೇನೆ? ಹೆದರಿದಾನೆ, ದಡ್ಡ. ದೋಣಿಗೆ ಮೊಳೆ ಹೊಡೆಯೋ ಕೈ, ನನ್ನ ಮುಟ್ಟೋಕೆ ಹೆದರತ್ತೆ."

"ನಿಮ್ಮ ಸೋಮೊ ಹೇಳ್ಬೇಕಿತ್ತು."

"ಅವಳು ಸತ್ತು ಹನ್ನೊಂದು ವರ್ಷ. ಅಲ್ಲಿಂದ ಬಂದು ಹೇಳಿದ್ರೆ ಅವನು ಇನ್ನೂ ಹೆದರ್ತಾನೆ."

ಬಿ ತಾತು ಲೇಸೊವನ್ನು ತಲೆಯ ಮೇಲೆ ಎಳೆದುಕೊಂಡರು, ಆರು ವರ್ಷದ ಹಿಂದೆ ನಾನು ಎಳೆದುಕೊಂಡಿದ್ದ ಹಾಗೆಯೇ. ಒಳಗಿನಿಂದಲೇ ಮಾತಾಡಿದರು. ನನ್ನನ್ನು ಎಂದೂ ಕರೆಯದ ಹೆಸರಿನಿಂದ ಕರೆದರು.

"ಸೋಮೊ, ಒಂದು ಉಪಕಾರ ಮಾಡು. ಶುಕ್ರವಾರ ನಮಾಜು ಮುಗಿಸಿ ಅವನು ಮಸೀದಿಯಿಂದ ಬರೋವಾಗ ದಾರೀಲಿ ತಡೆದು ಹೇಳು. ಗಾಯ ಮಾಗಿದೆ ಅಂತ ಹೇಳು. ಎಡಮಗ್ಗುಲು ಅಂತ ಹೇಳು. ನಾನು ಕೂಗಿದ್ರೆ ಜಿಗೀಬೇಡ, ಮೊದಲು ಯಾವ ಕೂಗು ಅಂತ ಕೇಳು ಅಂತ ಹೇಳು. ಅವನು ಒಳಗೆ ಬಂದ್ಮೇಲೆ ನೀನು ಜಗುಲೀಲಿ ಕೂತ್ಕೊ. ಬೇರೆಲ್ಲೂ ಬೇಡ, ಅವನ ಚಾಪೆ ಮೇಲೇ ಕೂತ್ಕೊ, ಕಾಲು ಚಾಚ್ಕೊಂಡು, ಅವನು ಹೊರಗೆ ಬಂದ್ರೂ ಮಲಗೋಕೆ ಜಾಗ ಇರಬಾರದು. ಮತ್ತೆ, ನಿನ್ನ ಮಗಳನ್ನ ದಯವಿಟ್ಟು ಅಜ್ಜಿ ಮನೇಲಿ ಬಿಟ್ಟು ಬಾ."